ಮನೆ ನೋಡಲು ಬಂದವರಿಗೆ ಕುಡಿಯಲು ನೀರು ಕೊಡಬಾರದೆಂಬ ಬಗ್ಗೆ

ಮನೆಬೆಲೆ ಮರ್ಯಾದಾ ಸಂರಕ್ಷಣಾ ವಿಭಾಗ (ಪೂರ್ವ), ಬೆಂಗಳೂರು
(ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ.)

ಸಂಖ್ಯೆ: ಮಮಸಂ/ಪೂರ್ವ/ನೀರು/17/2006-07
ದಿನಾಂಕ: 2-6-2006

ಸುತ್ತೋಲೆ

ವಿಷಯ: ಕಗ್ಗದಾಸಪುರ, ಸಿ.ವಿ. ರಾಮನ್ ನಗರ ಮತ್ತು ಗರುಡಾಚಾರ್‌ಪಾಳ್ಯ ವ್ಯಾಪ್ತಿಯ ಕೆಲವು ಮನೆ ಮಾಲೀಕರು ಗಿರಾಕಿಗಳಿಗೆ ನೀರನ್ನೂ ನಿಜವನ್ನೂ ಒಟ್ಟಿಗೆ ಕೊಡುತ್ತಿರುವ ಬಗ್ಗೆ.

ಉಲ್ಲೇಖ: 1) ಮನೆ ದಲ್ಲಾಳಿ ಶ್ರೀ ಸಿದ್ಧಲಿಂಗೇಶ ಇವರ ಕಣ್ಣೀರಿನ ದೂರು, ದಿನಾಂಕ 8-5-2006.
2) ಇದೇ ವಿಷಯದ ಹಿಂದಿನ ಸುತ್ತೋಲೆ (ಕಡತ ಸಿಕ್ಕಿರುವುದಿಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಟೆಕ್ ಪಾರ್ಕಿನ ಕಾಂಪೌಂಡು ಎದ್ದ ದಿನದಿಂದ ಸದರಿ ವ್ಯಾಪ್ತಿಯಲ್ಲಿ ಮನೆಗಳ ಬೆಲೆ ಏರುತ್ತಲೂ ಕೊಳವೆಬಾವಿಗಳ ನೀರು ಇಳಿಯುತ್ತಲೂ ಇರುವುದನ್ನು ಗಮನಿಸಲಾಗಿದೆ. ಇವೆರಡಕ್ಕೂ ಯಾವುದೇ ಸಂಬಂಧವಿಲ್ಲವೆಂದು ಈ ಮೂಲಕ ತೀರ್ಮಾನಿಸಲಾಗಿದೆ.

ಗಿರಾಕಿ ಬರುವ ದಿನ ಬೆಳಿಗ್ಗೆಯೇ ಟ್ಯಾಂಕರ್ ತರಿಸಿ, ಸಂಪು ತುಂಬಿಸಿ, ಟ್ಯಾಂಕರ್ ತಿರುವಿನಲ್ಲಿ ಮರೆಯಾದ ಮೇಲೆ ಅಂಗಳದ ಒದ್ದೆ ಒರೆಸಿ, ಗಿರಾಕಿ ಒಳಗೆ ಕಾಲಿಟ್ಟೊಡನೆ ಅಡುಗೆಮನೆಯ ನಲ್ಲಿ ತಿರುಗಿಸಿ, ‘ನೋಡಿ ಸಾರ್, ಕಾವೇರಿ, ಇಪ್ಪತ್ನಾಲ್ಕು ಗಂಟೆ’ ಎಂದು ಘೋಷಿಸುವುದು ಕಗ್ಗದಾಸಪುರದ ಏಳನೇ ಅಡ್ಡರಸ್ತೆಯಲ್ಲಿ ಬಹುಕಾಲದಿಂದ ಶಿಸ್ತಾಗಿ ನಡೆದು ಬಂದಿರುವ ಪದ್ಧತಿಯಾಗಿರುತ್ತದೆ. ಮಾರುವವರಿಗೂ ದಲ್ಲಾಳಿಗೂ ಇದು ಸುಳ್ಳೆಂದು ಗೊತ್ತಿದ್ದು, ಕೊಳ್ಳುವವರಿಗೆ ಗೃಹಪ್ರವೇಶದ ಮಾರನೆಯ ದಿನ ಗೊತ್ತಾಗುತ್ತದೆ. ಆ ಬಳಿಕ ಅವರೂ ಮಾರುವವರ ಸಾಲಿಗೆ ಸೇರುವುದರಿಂದ ಯಾರಿಗೂ ಅನ್ಯಾಯವಾಗಿರುವುದಿಲ್ಲ.

ಹೀಗಿರುವಲ್ಲಿ, ಮನೆ ನಂ. 43ರ ಮಾಲೀಕರೂ ಸರ್ಕಾರಿ ಕಚೇರಿಯೊಂದರ ಗುಮಾಸ್ತೆಯೂ ಆದ ಶ್ರೀಮತಿ ಪ್ರೇಮಕ್ಕ ಇವರಿಗೆ ಧಾರವಾಡಕ್ಕೆ ವರ್ಗವಾಗಿದ್ದು, ಮೇ ತಿಂಗಳೊಳಗೆ ಮನೆ ಮಾರದೇ ಗತ್ಯಂತರವಿರಲಿಲ್ಲ. ದಿನಾಂಕ 7-5-2006ರ ಭಾನುವಾರ, ಶಿವಾಜಿನಗರದಲ್ಲಿ ಗುಂಡಿ ಮತ್ತು ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟಿರುವ ಶ್ರೀ ಖುರ್ಷೀದ್ ಮತ್ತು ಅವರ ಪತ್ನಿ ಶ್ರೀಮತಿ ಫಹ್ಮಿದಾ ಮನೆ ನೋಡಲು ಬಂದಿರುತ್ತಾರೆ. ದಲ್ಲಾಳಿಯು ನಿಯಮಾನುಸಾರ ನಲ್ಲಿ ತಿರುಗಿಸಿ, ನಿಯಮಾನುಸಾರ ಕಾವೇರಿ ಎಂದಿರುತ್ತಾರೆ. ಅಷ್ಟರಲ್ಲಿ ಪ್ರೇಮಕ್ಕನವರು ತಮ್ಮ ಊರ ಕಡೆಯ ರೂಢಿಯಂತೆ ತಟ್ಟೆಯಲ್ಲಿ ಬೆಲ್ಲವನ್ನೂ ಎರಡು ಲೋಟ ನೀರನ್ನೂ ತಂದಿಟ್ಟು, ಈ ಕೆಳಕಂಡ ಮಾತುಗಳನ್ನು ಆಡಿರುತ್ತಾರೆ:

‘ಮೊದಲ ನೀರು ಕುಡೀರಿ. ಇದು ಕಾವೇರಿ ಅಲ್ರೀ, ಟ್ಯಾಂಕರ್ ನೀರು, ಕಾಸಿ ಇಟ್ಟೀನಿ. ನಮ್ಮ ಬೋರು ಬತ್ತಿ ಎರಡು ವರ್ಷ ಆತು. ಹೇಳದ ಮಾರಿದ್ರ ಬ್ಯಾಸಗಿ ಬಂದಾಗೆಲ್ಲ ನೀವು ನನ್ನ ಬೈತೀರಿ.’

ಈ ನಾಲ್ಕು ವಾಕ್ಯಗಳಿಂದ ಇಡೀ ರಸ್ತೆಯ ಬೆಲೆ ಕುಸಿಯುವ ಭೀತಿ ಉಂಟಾಗಿದ್ದು, ಆದ ಕಾರಣ ಎಲ್ಲಾ ಮಾಲೀಕರಿಗೆ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

1. ಗಿರಾಕಿಗೆ ನೀರನ್ನು ತೋರಿಸಬಹುದು, ಕೊಡತಕ್ಕದ್ದಲ್ಲ. ನಲ್ಲಿಯನ್ನು ಹನ್ನೊಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿಡತಕ್ಕದ್ದಲ್ಲ. ಗಿರಾಕಿಗೆ ಬಾಯಾರಿಕೆಯಾದಲ್ಲಿ ಅದನ್ನು ಅವರು ಬರುವಾಗಲೇ ಜೊತೆಗೆ ತಂದದ್ದೆಂದು ಪರಿಗಣಿಸತಕ್ಕದ್ದು.

2. ಬೆಲ್ಲವನ್ನು ಪ್ರಚೋದನಕಾರಿ ವಸ್ತುವೆಂದು ಘೋಷಿಸಲಾಗಿದೆ. ಹಾವೇರಿ, ಗದಗ, ಧಾರವಾಡ ಮೂಲದ ಮಾಲೀಕರು ಮನೆ ಮಾರಾಟವಾಗುವವರೆಗೆ ತಮ್ಮ ಬೆಲ್ಲದ ಡಬ್ಬಿಯನ್ನು ಬೀಗಮುದ್ರೆ ಮಾಡಿಸಿ ಪಕ್ಕದ ಮನೆಯವರ ವಶಕ್ಕೆ ಒಪ್ಪಿಸಿ ರಸೀದಿ ಪಡೆಯತಕ್ಕದ್ದು.

3. ಇಂದಿರಾನಗರವು ಎಲ್ಲಾ ಮನೆಗಳಿಂದಲೂ ಹತ್ತು ನಿಮಿಷದ ದೂರದಲ್ಲಿರತಕ್ಕದ್ದು. ರೈಲ್ವೆ ಗೇಟು ಹಾಕಿರುವಾಗ ಕಳೆಯುವ ಸಮಯವನ್ನು ಸಮಯವೆಂದು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.

4. ಕೆರೆಯ ಕಡೆಗಿರುವ ಕಿಟಕಿಯನ್ನು ‘ಲೇಕ್ ವ್ಯೂ’ ಎಂದು ನಮೂದಿಸಿ, ಮೊಳೆ ಹೊಡೆದು ಮುಚ್ಚಿಡತಕ್ಕದ್ದು. ಆಗಲೂ ಗಿರಾಕಿ ಮೂಗು ಮುಚ್ಚಿಕೊಂಡಲ್ಲಿ ಅವರಿಗೆ ನೆಗಡಿ ಎಂದು ತಿಳಿಯತಕ್ಕದ್ದು.

5. ಈಶಾನ್ಯ ಮೂಲೆಯಲ್ಲಿ ಶೌಚಾಲಯ ಕಟ್ಟಿಕೊಂಡಿರುವವರು ಅದನ್ನು ಒಡೆಯುವ ಅಗತ್ಯವಿಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಈಶಾನ್ಯವನ್ನು ತಾತ್ಕಾಲಿಕವಾಗಿ ಸ್ಥಳಾಂತರಿಸಲು ಈ ಕಚೇರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿದರೆ ಸಾಕು. ಸೂರ್ಯನಿಗೂ ಒಂದು ಪ್ರತಿಯನ್ನು ಕಳುಹಿಸಲಾಗುವುದು.

6. ಪ್ರೇಮಕ್ಕನವರ ಮಾತು ಕೇಳಿ ಗಿರಾಕಿಯು ಎದ್ದು ಹೋಗುವರೆಂದು ದಲ್ಲಾಳಿಯು ಚಪ್ಪಲಿ ಹಾಕಿಕೊಂಡು ನಿಂತಿದ್ದು, ಶ್ರೀ ಖುರ್ಷೀದ್ ಎದ್ದಿರುವುದಿಲ್ಲ. ಬದಲಿಗೆ ನೀರು ಕುಡಿದು, ಲೋಟ ಕೆಳಗಿಟ್ಟು, ಹೀಗೆ ಹೇಳಿರುತ್ತಾರೆ: ‘ಹನ್ನೊಂದು ಮನೆ ನೋಡಿದೀವಿ ಮೇಡಂ. ಎಲ್ಲಾ ಕಡೆ ಕಾವೇರಿ ಬರ್ತಿತ್ತು. ನನ್ ಹೆಸರು ಹೇಳಿದ್ ತಕ್ಷಣ ಮನೆ ಮಾರಾಟ ಆಗೋಗಿರ್ತಿತ್ತು. ನೀರಿಗೆ ಹೆಂಗೋ ಮಾಡ್ಕೋತೀವಿ. ನೀವು ಮನೆ ಕೊಡ್ತೀರಾ?’

ಈ ಹೇಳಿಕೆಯನ್ನು ಪರಿಶೀಲಿಸಲಾಗಿ, ಸದರಿ ಹನ್ನೊಂದು ಮನೆಗಳ ಪೈಕಿ ಹನ್ನೊಂದೂ ಹೆಸರು ಕೇಳಿದ ಕ್ಷಣದಲ್ಲೇ ಮಾರಾಟವಾಗಿದ್ದು, ಗಿರಾಕಿಯು ಬೀದಿಯ ತುದಿ ಮುಟ್ಟುವುದರೊಳಗೆ ಮತ್ತೆ ಮಾರಾಟಕ್ಕೆ ಬಂದಿರುವುದು ದೃಢಪಟ್ಟಿದೆ. ಇಷ್ಟು ಚುರುಕಾದ ವಹಿವಾಟು ಬೇರಾವ ವ್ಯಾಪ್ತಿಯಲ್ಲೂ ಕಂಡುಬಂದಿಲ್ಲವಾದ್ದರಿಂದ ಮಾಲೀಕರನ್ನು ಅಭಿನಂದಿಸಲಾಗಿದೆ. ಇನ್ನು ಮುಂದೆ ಹೀಗೆ ಮಾರಾಟವಾದ ಮನೆಗೆ ಮತ್ತೆ ಬೋರ್ಡು ನೇತುಹಾಕುವ ಮುನ್ನ ಏಳು ದಿನಗಳ ನಾಚಿಕೆ ಅವಧಿ ಪಾಲಿಸತಕ್ಕದ್ದು. ನಾಚಿಕೆ ಇಲ್ಲದವರಿಗೆ ಇದರಿಂದ ವಿನಾಯಿತಿ ಇದ್ದು, ಇದುವರೆಗೆ ಹನ್ನೊಂದೂ ಮಾಲೀಕರು ವಿನಾಯಿತಿ ಕೋರಿರುತ್ತಾರೆ.

7. ಶ್ರೀಮತಿ ಪ್ರೇಮಕ್ಕ ಇವರು ‘ಕೊಡ್ತೀನ್ರೀ, ಅದಕ್ಕ ಮಾರಾಕ ಇಟ್ಟಿದ್ದು’ ಎಂದುತ್ತರಿಸಿ, ದಿನಾಂಕ 24-5-2006ರಂದು ಮನೆಯನ್ನು ನೋಂದಣಿ ಮಾಡಿಸಿಕೊಟ್ಟು ಧಾರವಾಡಕ್ಕೆ ತೆರಳಿರುತ್ತಾರೆ. ನಿಜ ಹೇಳಿದ ಮೇಲೂ ಮನೆ ಮಾರಾಟವಾಗಿರುವುದು ಈ ವಿಭಾಗದ ಇತಿಹಾಸದಲ್ಲೇ ಮೊದಲಾಗಿದ್ದು, ಅದನ್ನು ರದ್ದುಪಡಿಸಲು ಕಾಯಿದೆಯಲ್ಲಿ ಅವಕಾಶ ಹುಡುಕಲಾಗಿ, ದೊರೆತಿರುವುದಿಲ್ಲ. ಆದ್ದರಿಂದ ಇದನ್ನು ಪೂರ್ವನಿದರ್ಶನವಾಗಿ ಯಾರೂ ಉಲ್ಲೇಖಿಸತಕ್ಕದ್ದಲ್ಲ, ನೆನಪಿಟ್ಟುಕೊಳ್ಳತಕ್ಕದ್ದೂ ಅಲ್ಲ.

ಸಹಿ/-
(ಪಂಚಾಕ್ಷರಿ)
ವಿಶೇಷಾಧಿಕಾರಿಗಳು
ಹಾಗೂ ಏಳನೇ ಅಡ್ಡರಸ್ತೆ, ಮನೆ ನಂ. 41ರ ಮಾಲೀಕರು
(ಮಾರಾಟಕ್ಕಿದೆ. ಕಾವೇರಿ ಇದೆ.)

ಪ್ರತಿಗಳು:
1. ಏಳನೇ ಅಡ್ಡರಸ್ತೆಯ ಎಲ್ಲಾ ಮಾಲೀಕರಿಗೆ, ಗೋಡೆಗೆ ಅಂಟಿಸಲು. ಬಿರುಕು ಇರುವ ಜಾಗದಲ್ಲಿ ಅಂಟಿಸುವುದು.
2. ಟ್ಯಾಂಕರ್ ಚಾಲಕರಿಗೆ, ಹಾರ್ನ್ ಮಾಡದಿರಲು.
3. ಶ್ರೀ ಸಿದ್ಧಲಿಂಗೇಶ, ದಲ್ಲಾಳಿ, ಇವರಿಗೆ ಸಾಂತ್ವನಕ್ಕಾಗಿ.
4. ಸೂರ್ಯ, ಪೂರ್ವ ದಿಕ್ಕು (ಕಂಡಿಕೆ 5ರಂತೆ).
5. ಮನೆ ನಂ. 43ಕ್ಕೆ, ಮುದ್ದಾಂ ಜಾರಿಗಾಗಿ.

ಜಾರಿ ಷರಾ, ದಿನಾಂಕ 3-6-2006: ಈ ಕಚೇರಿಯ ಜವಾನ ಶ್ರೀ ಮುನಿಆಂಜನಪ್ಪ ಇವರು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಹೋಗಿ ಐದನೇ ಪ್ರತಿಯನ್ನು ತಲುಪಿಸಿರುತ್ತಾರೆ. ದಾರಿಯುದ್ದಕ್ಕೂ ಮನೆ ನಂ. 41 ಸೇರಿದಂತೆ ಹದಿನಾರು ಮನೆಗಳಿಗೆ ಪ್ರತಿ ಕೊಟ್ಟಿದ್ದು, ಸುತ್ತೋಲೆಯ ಕಂಡಿಕೆ 1 ಅನ್ನು ಎಲ್ಲೆಡೆ ಚಾಚೂ ತಪ್ಪದೆ ಪಾಲಿಸಲಾಗಿದೆ. ಮನೆ ನಂ. 43ರಲ್ಲಿ ಮಾತ್ರ ಹಾಲಿ ಮಾಲೀಕರಾದ ಶ್ರೀಮತಿ ಫಹ್ಮಿದಾ ಇವರು ಕಾಗದ ಪಡೆಯುವ ಮೊದಲೇ ಕುರ್ಚಿ ಹಾಕಿ, ಒಂದು ಲೋಟ ನೀರು ತಂದು, ‘ಟ್ಯಾಂಕರ್ ನೀರು ಅಣ್ಣ, ಕಾಯ್ಸಿ ಆರ್ಸಿದೀನಿ. ಬೆಲ್ಲ ತಗೊಳ್ಳಿ, ಪ್ರೇಮಕ್ಕ ಡಬ್ಬಿ ಬಿಟ್ಟೋಗಿದಾರೆ’ ಎಂದಿರುತ್ತಾರೆ. ಜವಾನರು ಕುಡಿದಿರುತ್ತಾರೆ. ಇನ್ನೊಂದು ಲೋಟ ಕೇಳಿ ಪಡೆದಿರುತ್ತಾರೆ. ಕಾರಣ ಕೇಳಿ ನೋಟೀಸು ಕೊಡಲಾಗಿ, ‘ಬಾಯಾರಿಕೆ ಆಗಿತ್ತು’ ಎಂದು ಲಿಖಿತ ಉತ್ತರ ನೀಡಿದ್ದು, ಸದರಿ ಉತ್ತರಕ್ಕೆ ಈ ವಿಭಾಗದಲ್ಲಿ ಯಾವುದೇ ನಿಯಮ ಕಂಡುಬಂದಿರುವುದಿಲ್ಲ.