ನಿರ್ವಾಹಕರ ಅನುಮತಿ

ಕಂಪ್ಯೂಟರು ತನ್ನನ್ನು ಹುದ್ದೆಯ ಹೆಸರಿನಿಂದ ಕರೆದದ್ದು ಕಂಡಕ್ಟರಿಗೆ ಮೊದಲು ಹೆಮ್ಮೆಯ ಸಂಗತಿಯೇ ಆಗಿತ್ತು.

ಅವನಿಗೆ ಅಂದು ವಾರದ ರಜೆ. ಹೆಂಡತಿ ಗ್ರಂಥಾಲಯದ ಕೆಲಸಕ್ಕೆ ಹೋಗಿದ್ದಳು. ಬೆಳಿಗ್ಗೆ ಹತ್ತಕ್ಕೆ ಅವನು ಪರದೆಯ ಮುಂದೆ ಕೂತು, ಡಿಪೋದವರು ಕಳಿಸಿದ್ದ ಅರ್ಜಿಯ ತಂತ್ರಾಂಶದ ಮೇಲೆ ಎರಡು ಸಲ ಒತ್ತಿದ. ಪರದೆ ಮಬ್ಬಾಯಿತು. ನಡುವೆ ಒಂದು ಚೌಕ ಎದ್ದು ನಿಂತಿತು: 'ಈ ಬದಲಾವಣೆಗೆ ನಿರ್ವಾಹಕರ ಅನುಮತಿ ಬೇಕು. ನಿರ್ವಾಹಕರ ಗುಪ್ತಪದ ನಮೂದಿಸಿ.'

ಇಪ್ಪತ್ತೆರಡು ವರ್ಷಗಳಿಂದ ಅವನ ಎದೆಯ ಬಿಲ್ಲೆಯ ಮೇಲೆ 'ನಿರ್ವಾಹಕ, 2216' ಎಂದೇ ಇತ್ತು. ಆದರೆ ಅದನ್ನು ಓದಿದವರು ಯಾರು? ಪ್ರಯಾಣಿಕರ ಬಾಯಲ್ಲಿ ಅವನು 'ಕಂಡಕ್ಟ್ರೇ', ಚಿಲ್ಲರೆ ಬಾಕಿ ಉಳಿದಾಗ 'ಏ ಸ್ವಾಮಿ'. ಬಹುವಚನ ಕೊಟ್ಟು, ನಿರ್ವಾಹಕರು ಎಂದು ಕರೆದು, ಅದರ ಜೊತೆಗೆ ಅನುಮತಿಯನ್ನೂ ಕೇಳಿದ್ದು ಇದೇ ಮೊದಲು.

"ಕೊಟ್ಟೆ ಕಣಪ್ಪಾ ಅನುಮತಿ" ಎಂದು ಗಟ್ಟಿಯಾಗಿಯೇ ಹೇಳಿ, ಗುಪ್ತಪದದ ಜಾಗದಲ್ಲಿ 2216 ಎಂದು ಒತ್ತಿದ.

'ತಪ್ಪಾಗಿದೆ' ಎಂದಿತು ಕಂಪ್ಯೂಟರು.

ತಪ್ಪಾಗಲು ಬಿಡುವಂಥ ದಿನವಲ್ಲ ಅದು. ಇಪ್ಪತ್ತೆರಡು ವರ್ಷದಿಂದ ಅವನು ಅರವತ್ತೊಂದನೇ ಮಾರ್ಗದವನು. ಊರು ಮುಗಿದು, ಇಟ್ಟಿಗೆ ಗೂಡುಗಳೂ ಮುಗಿದು, ಕಲ್ಲಿನ ಗಣಿಯ ಹತ್ತಿರ ರಸ್ತೆಯೇ ಮುಗಿದುಹೋಗುವ ಕಡೆ ಅದರ ಕೊನೆಯ ನಿಲ್ದಾಣ. ಮಧ್ಯಾಹ್ನ ಅಲ್ಲಿ ಎಂಜಿನ್ ಆರಿದರೆ, ಬಸ್ಸಿನ ತಗಡು ತಣಿಯುವ ಟಿಕ್ ಟಿಕ್ ಸದ್ದು ಬಿಟ್ಟು ಬೇರೇನೂ ಕೇಳದು. ಡ್ರೈವರ್ ಹಿಂದಿನ ಸೀಟಲ್ಲಿ ಗೊರಕೆ ಹೊಡೆಯುತ್ತಾನೆ. ಇವನು ಮೆಟ್ಟಿಲ ಮೇಲೆ ಕೂತು ಆರಿದ ಡಬ್ಬಿ ಬಿಚ್ಚುತ್ತಾನೆ. ಸೇವಾ ಹಿರಿತನದ ಪಟ್ಟಿಯಲ್ಲಿ ಈ ಸಲ ಅವನ ಹೆಸರು ಮೊದಲನೆಯದು. ಬೇಕಾದ ಮಾರ್ಗ ಆರಿಸಿಕೊಳ್ಳಬಹುದು. ನಾಲ್ಕನೇ ಮಾರ್ಗದ ಬಸ್ಸು ಅವನ ಮನೆಯ ಮೂಲೆಗೇ ಬಂದು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಮನೆಗೆ ಬಂದು ಬಿಸಿ ಊಟ ಮಾಡಿ, ಕೈ ತೊಳೆದು, ಸೀಟಿ ಊದಬಹುದು. ಅದೂ ಹೊಚ್ಚ ಹೊಸ ಬಸ್ಸುಗಳು ಬರುತ್ತಿವೆಯೆಂಬ ಸುದ್ದಿ ಬೇರೆ. ಅರ್ಜಿಯ ಗಡುವು ಸಂಜೆ ಐದು.

ಅವನು ಹುಟ್ಟಿದ ತಾರೀಕು ಒತ್ತಿದ. ತಪ್ಪು. ಮದುವೆಯ ತಾರೀಕು ಒತ್ತಿದ. ತಪ್ಪು, ಅದು ಮದುವೆಯದೋ ತಾರೀಕಿನದೋ ತಿಳಿಯಲಿಲ್ಲ. ಹೆಂಡತಿಗೆ ಫೋನ್ ಮಾಡಿದರೆ ಗಂಟೆ ಬಾರಿಸುತ್ತಲೇ ಇತ್ತು. ಗ್ರಂಥಾಲಯದಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ನಿಯಮ.

ಕೀಲಿಮಣೆ ಕುಟ್ಟುವ ಸದ್ದಿಗೆ ಮಹಡಿಯ ಮನೆಯಿಂದ ಮೇಷ್ಟ್ರು ಇಳಿದು ಬಂದರು. ವ್ಯಾಕರಣ ಕಲಿಸಿ ನಿವೃತ್ತರಾದವರು. ಬಸ್ ಟಿಕೇಟಿನ ಹಿಂಭಾಗವನ್ನೂ ಓದಿ ತಿದ್ದುವವರು.

"ನಿರ್ವಾಹಕ ಅಂದ್ರೆ ನೀವೇ, ಅನುಮಾನ ಬೇಡ" ಎಂದರು ಕನ್ನಡಕ ಏರಿಸಿ. "ಆದ್ರೆ ಅದಕ್ಕೆ ಗೊತ್ತಾಗೋದು ಹೇಗೆ? ನೀವು ಬನಿಯನ್‌ನಲ್ಲಿ ಕೂತಿದೀರಿ. ಮೇಲೆ ಕ್ಯಾಮೆರಾ ಇದೆ ನೋಡಿ."

ಕಂಡಕ್ಟರ್ ಒಳಗೆ ಹೋಗಿ ಖಾಕಿ ತೊಟ್ಟು, ಬಿಲ್ಲೆ ಚುಚ್ಚಿ, ಟೋಪಿ ಇಟ್ಟು ಬಂದ. ಕ್ಯಾಮೆರಾದ ಎದುರು ಮದುವೆ ಗಂಡಿನ ಹಾಗೆ ನೆಟ್ಟಗೆ ನಿಂತ.

"ಏನೂ ಆಗ್ತಿಲ್ವಲ್ಲ ಮೇಷ್ಟ್ರೇ."

"ಸೀಟಿ ಊದಿ ನೋಡಿ."

ಊದಿದ. ಕಂಪ್ಯೂಟರು ಕದಲಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಆಟೋ ಮಾತ್ರ ಗಕ್ಕನೆ ನಿಂತಿತು.

ಮಧ್ಯಾಹ್ನ ಎರಡಕ್ಕೆ ಭಾವಮೈದ ಬಂದ. ಫ್ರಿಜ್ ರಿಪೇರಿಯವನು. ಯಂತ್ರ ಯಾವುದೇ ಇರಲಿ, ಹಿಂಭಾಗಕ್ಕೆ ಕಿವಿಯಿಟ್ಟು ಕೇಳಿದರೆ ಕಾಯಿಲೆ ತಿಳಿಯುತ್ತದೆ ಎಂಬುದು ಅವನ ನಂಬಿಕೆ. ಕಿವಿಯಿಟ್ಟು ಕೇಳಿದ.

"ಭಾವ, ಇದಕ್ಕೆ ಸಂಶಯದ ಕಾಯಿಲೆ. ಎಲ್ಲದಕ್ಕೂ ಅನುಮತಿ ಕೇಳುತ್ತೆ. ಕೇಳೋದನ್ನೇ ನಿಲ್ಲಿಸಿಬಿಡೋಣ. ಫ್ರಿಜ್ಜಿಗೆ ತಂಪಿನ ತಿರುಗುಣಿ ಇರಲ್ವಾ, ಹಾಗೆ ಇದಕ್ಕೂ ಒಂದಿದೆ."

ನಿಜವಾಗಿಯೂ ಇತ್ತು. ಎಲ್ಲೆಲ್ಲೋ ತಡಕಾಡಿ ಅವನು ತೆರೆದ ಪುಟದಲ್ಲಿ ಉದ್ದನೆಯ ಗೀರು, ಅದರ ಮೇಲೆ ಜಾರುವ ಒಂದು ಗುಂಡಿ, ನಿಲ್ಲಲು ನಾಲ್ಕು ಮೆಟ್ಟಿಲು. ಎಲ್ಲಕ್ಕಿಂತ ಮೇಲೆ 'ಯಾವಾಗಲೂ ಕೇಳು'. ಎಲ್ಲಕ್ಕಿಂತ ಕೆಳಗೆ 'ಎಂದಿಗೂ ಕೇಳಬೇಡ'. ನಡುವಿನ ಎರಡಕ್ಕೂ ಇದ್ದ ವ್ಯತ್ಯಾಸ, ಕೇಳುವಾಗ ಪರದೆ ಮಬ್ಬಾಗುತ್ತದೋ ಇಲ್ಲವೋ ಎಂಬುದಷ್ಟೇ.

"ಮೇಲಿನದು ನಮ್ಮ ಹಳೇ ಡ್ರೈವರ್ ಥರ" ಎಂದ ಕಂಡಕ್ಟರ್. "ರಸ್ತೆಯ ಪ್ರತಿ ಗುಂಡಿಗೂ ಕತ್ತು ತಿರುಗಿಸಿ ಹೋಗ್ಲಾ ಅಂತಿದ್ದ. ಕೆಳಗಿನದು ಈಗಿನವನ ಥರ. ನಾನು ಹತ್ತಿದೀನೋ ಇಲ್ವೋ ನೋಡಲ್ಲ."

"ಯಾವುದಕ್ಕಿಡ್ಲಿ ಭಾವ?"

"ಕೆಳಗಿಳ್ಸು. ನನಗೆ ಐದು ಗಂಟೆಯೊಳಗೆ ಊರು ತಲುಪಬೇಕು."

ಭಾವಮೈದ ಗುಂಡಿಯನ್ನು ತಳಕ್ಕೆಳೆದು 'ಸರಿ' ಒತ್ತಿದ. ಪರದೆ ಮಬ್ಬಾಯಿತು. 'ಈ ಬದಲಾವಣೆಗೆ ನಿರ್ವಾಹಕರ ಅನುಮತಿ ಬೇಕು.'

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಅದನ್ನು ಇನ್ನೊಮ್ಮೆ ಓದಿದರು.

"ಕೇಳಬೇಡ ಅನ್ನೋದಕ್ಕೂ ಕೇಳ್ಬೇಕಾ?" ಎಂದರು ಮೇಷ್ಟ್ರು ಮೆಲ್ಲಗೆ. "ಒಳ್ಳೇ ಮನೆತನದ ಯಂತ್ರ."

ಭಾವಮೈದನಿಗೆ ರೋಷ ಬಂತು. ಹನ್ನೊಂದು ಗುಪ್ತಪದ ಒತ್ತಿದ. ಅದರಲ್ಲಿ ಎರಡು ಫ್ರಿಜ್ಜಿನ ಮಾದರಿ ಸಂಖ್ಯೆಗಳು. 'ಬಹಳ ಸಲ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ' ಎಂದಿತು ಪರದೆ. ಅವನು ತನ್ನ ಕುಲಕಸುಬಿನ ಕೊನೆಯ ಮದ್ದಿಗೆ ಕೈ ಹಾಕಿ, ಗೋಡೆಯ ಪ್ಲಗ್ಗನ್ನೇ ಕಿತ್ತು ಮತ್ತೆ ಸಿಕ್ಕಿಸಿದ. ಆಗ ಕಂಪ್ಯೂಟರು ನೀಲಿಯಾಗಿ, ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತಿರುವುದಾಗಿ ಹೇಳಿ, ಶೇಕಡ ಮೂರಕ್ಕೆ ಬಂದು ನಿಂತಿತು. ಮೂರರಿಂದ ನೂರಕ್ಕೆ ಅದು ಎತ್ತಿನ ಗಾಡಿಯ ಹಾಗೆ ಸಾಗುವುದನ್ನು ಮೂವರೂ ಕುರ್ಚಿ ಎಳೆದುಕೊಂಡು ಕಾದು ನೋಡಿದರು. ನೂರಾದ ಮೇಲೂ ಎದ್ದು ನಿಂತದ್ದು ಅದೇ ಚೌಕ.

ನಾಲ್ಕೂವರೆಗೆ ಹೆಂಡತಿ ಬಾಗಿಲಲ್ಲಿ ನಿಂತಳು. ರಜೆಯ ದಿನ ಖಾಕಿ ತೊಟ್ಟು, ಕೊರಳಲ್ಲಿ ಸೀಟಿ ಹಾಕಿಕೊಂಡು ಬೆವರುತ್ತಿರುವ ಗಂಡ, ಮೇಜಿನ ಕೆಳಗೆ ಪ್ಲಗ್ಗು ಹಿಡಿದ ತಮ್ಮ, ಮಹಡಿಯ ಮೇಷ್ಟ್ರು.

"ಏನ್ರೀ ಇದು? ಮನೇಲೇ ಬಸ್ ಓಡಿಸ್ತಿದೀರಾ?"

"ನಿರ್ವಾಹಕರ ಗುಪ್ತಪದ ಕೇಳ್ತಿದೆ. ನನ್ನದು ಯಾವುದನ್ನೂ ಒಪ್ತಿಲ್ಲ."

"ನಿಮ್ಮದು ಯಾಕೆ ಒಪ್ಪುತ್ತೆ? ನಿರ್ವಾಹಕಿ ನಾನು. ಮಗಳು ಇದನ್ನ ಕೂರಿಸೋವಾಗ, ಮನೇಲಿ ನಿರ್ವಾಹಕರು ಯಾರಮ್ಮ ಅಂತ ಕೇಳಿದ್ಲು. ನೀವು ಗಣಿ ಹತ್ರ ಇದ್ರಿ. ನಾನೇ ಅಂದೆ."

ಭಾವಮೈದ ಮೇಜಿನ ಕೆಳಗೇ ನಕ್ಕ. ಅವಳು ಬಗ್ಗಿ ನಾಲ್ಕು ಅಂಕಿ ಒತ್ತಿದಳು. ಮೇಷ್ಟ್ರು ಸಭ್ಯತೆಯಿಂದ ಮುಖ ತಿರುಗಿಸಿದರು. ಕಂಡಕ್ಟರ್ ತಿರುಗಿಸಲಿಲ್ಲ. ಒಂದು, ಮೂರು, ಒಂದು, ಸೊನ್ನೆ.

ವೇಳಾಪಟ್ಟಿಗಳೆಲ್ಲ ಅವನಿಗೆ ಕಂಠಪಾಠ. ನಾಲ್ಕನೇ ಮಾರ್ಗದ ಬಸ್ಸು ಮನೆಯ ಮೂಲೆಗೆ ಬರುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಹದಿಮೂರು ಹತ್ತಕ್ಕೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಪರದೆ ನೋಡುತ್ತಿದ್ದಳು.

"ಇದು ಮತ್ತೆ ಮತ್ತೆ ಕೇಳೋದು ಬೇಡ. ತಳಕ್ಕಿಟ್ಟುಬಿಡು" ಎಂದ.

"ಏನೂ ಕೇಳದೇ ಇದ್ರೆ ಕಷ್ಟಾರೀ."

"ಇವತ್ತೊಂದು ದಿನ."

ಅವಳು ಗುಂಡಿಯನ್ನು 'ಎಂದಿಗೂ ಕೇಳಬೇಡ'ಕ್ಕೆ ಇಳಿಸಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದಳು. ತಂತ್ರಾಂಶ ತುಟಿಪಿಟಕ್ಕೆನ್ನದೆ ಕೂತುಕೊಂಡಿತು. ನಾಲ್ಕು ಐವತ್ತಾರಕ್ಕೆ ಅರ್ಜಿ ತೆರೆಯಿತು. ಅವನು ನಾಲ್ಕನೇ ಮಾರ್ಗ ಆರಿಸಿದ. ಮತ್ತೊಂದು ಚೌಕ ಎದ್ದಿತು. ನಾಲ್ವರೂ ಪರದೆಯತ್ತ ಬಾಗಿದರು.

'ಈ ಆಯ್ಕೆಗೆ ನಿರ್ವಾಹಕರ ಅಗತ್ಯವಿಲ್ಲ. ಮುಂದುವರಿಯಲೇ?'

"ಬಗ್ಗಿತು ನೋಡಿ ಭಾವ!" ಎಂದು ಭಾವಮೈದ ಕೂಗಿದ. "ಅಕ್ಕ ತಳಕ್ಕೆ ಇಳಿಸಿದ್ದೇ ತಡ, ನಿರ್ವಾಹಕರೇ ಬೇಡ ಅಂತಿದೆ!"

"ವಾಕ್ಯ ಶುದ್ಧವಾಗಿದೆ" ಎಂದರು ಮೇಷ್ಟ್ರು.

ಕಂಡಕ್ಟರ್ 'ಹೌದು' ಒತ್ತಿ ಉದ್ದಕ್ಕೆ ಸೀಟಿ ಊದಿದ.

ಐದು ಹತ್ತಕ್ಕೆ ಡಿಪೋದ ಗುಮಾಸ್ತರ ಫೋನ್ ಬಂತು. "ಏನು ಕಂಡಕ್ಟ್ರೇ, ಪಟ್ಟಿಯಲ್ಲಿ ಮೊದಲನೆಯವರಾಗಿ ಹೋಗಿ ಹೋಗಿ ನಾಲ್ಕಕ್ಕೆ ಹಾಕಿದೀರಲ್ಲ? ಅದರ ಹೊಸ ಬಸ್ಸಲ್ಲಿ ಟಿಕೇಟು ಯಂತ್ರವೇ ಕೊಡುತ್ತೆ. ನಿರ್ವಾಹಕರ ಅಗತ್ಯವಿಲ್ಲ ಅಂತ ಎಚ್ಚರಿಕೆ ಬರ್ಲಿಲ್ವಾ?"

"ಬಂತು."

"ಮತ್ತೆ?"

"ಹೌದು ಅಂದೆ."

ಆ ಕಡೆ ಕಾಗದ ಮಗುಚುವ ಸದ್ದು. "ನಾಲ್ಕರಲ್ಲಿ ನಿಮಗೆ ಕೆಲಸವಿಲ್ಲ, ಇನ್ನು ಐದು ವರ್ಷ ಬೇರೆ ಮಾರ್ಗ ಆರಿಸೋ ಹಾಗೂ ಇಲ್ಲ. ಆದ್ರೆ ನಿಮ್ಮ ಪುಣ್ಯ. ಅರವತ್ತೊಂದನ್ನ ಬೇರೆ ಯಾರೂ ಕೇಳಿಲ್ಲ. ಅದು ನಿಮಗೇ ಉಳಿದಿದೆ."

ಅವನು ಫೋನ್ ಇಟ್ಟ. ಗುಮಾಸ್ತರ ದನಿ ಕೋಣೆಗೆಲ್ಲ ಕೇಳಿಸಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ವ್ಯಾಕರಣದ ಪ್ರಕಾರ ಎರಡೂ ಅರ್ಥ ಸರಿಯೇ" ಎಂದು ಮೆಟ್ಟಿಲು ಹತ್ತಿದರು. ಭಾವಮೈದನಿಗೆ ಯಾವುದೋ ಫ್ರಿಜ್ಜು ನೆನಪಾಯಿತು.

ಹೆಂಡತಿ ಮೊದಲು ಕಂಪ್ಯೂಟರಿನ ಗುಂಡಿಯನ್ನು ಮತ್ತೆ ತುತ್ತತುದಿಗೆ ಏರಿಸಿದಳು. ಆಮೇಲೆ ಅಡುಗೆಮನೆಯ ಮೇಲಿನ ಹಲಗೆಯಿಂದ ಊಟದ ಡಬ್ಬಿ ತೆಗೆದು ಒರೆಸುತ್ತಾ ಬಂದು ಅವನ ಮುಂದೆ ನಿಂತಳು.

"ನಾಳೆಗೆ ಡಬ್ಬಿ ಕಟ್ಲಾ, ಬೇಡ್ವಾ?"

ಕಂಡಕ್ಟರ್ ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ.

"ನಿರ್ವಾಹಕರನ್ನ ಕೇಳು" ಎಂದ.