ಥರ್ಮೋಸ್ಟಾಟ್ ಕುದಿಸಿದ ರವಿವಾರ

ತಪ್ಪು ಮಾಡುವುದು ನನಗೆ ಹೊಸದಲ್ಲ, ಒಪ್ಪಿಕೊಳ್ಳುವುದು ಹೊಸದು. ಅರವತ್ತೊಂಬತ್ತು ವರ್ಷ ಅದೊಂದನ್ನು ಮಾಡದೆಯೇ ಆರಾಮವಾಗಿ ಕಳೆದೆ. ನಮ್ಮ ಯಜಮಾನರು ಇರುವವರೆಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ಅಡಿಗೆಮನೆ ಬಾಗಿಲಲ್ಲಿ ನಿಂತು ನನ್ನನ್ನು ಮಾತಿಗೆಳೆದವರು ಅವರು. ಕಪಾಟಿನ ಕೀಲಿ ಕಳೆದರೆ, ಕಪಾಟು ತಂದವರು ಅವರು. ಪಾಪ, ಎಲ್ಲದಕ್ಕೂ ತಲೆಯಾಡಿಸಿ ಪೇಪರ್ ಓದುತ್ತಿದ್ದರು. ಅವರು ತೀರಿಕೊಂಡ ಮೇಲೆ ನನ್ನ ತಪ್ಪು ಹೊರುವ ಆ ಕೆಲಸಕ್ಕೆ ಮನೆಯಲ್ಲಿ ಕಾಯಂ ಮನುಷ್ಯರಿಲ್ಲ. ಮಗನ ಮೇಲೆ ಹಾಕಿದರೆ ತಿರುಗಿ ಬೀಳುತ್ತಾನೆ. ಸೊಸೆಯ ಮೇಲೆ ಹಾಕಿದರೆ ಆಕೆ ಎರಡು ದಿನ ತವರಿಗೆ ಹೋಗಿಬಿಡುತ್ತಾಳೆ, ಅಡಿಗೆ ನನ್ನ ಕೊರಳಿಗೆ ಬೀಳುತ್ತದೆ. ಹೀಗಾಗಿ ನನ್ನ ತಪ್ಪುಗಳು ಈಚೆಗೆ ಹೇಳಕೇಳುವವರಿಲ್ಲದೆ ಮನೆಯಲ್ಲಿ ಅಲೆದಾಡುತ್ತಿವೆ. ಅಂಥದ್ದೊಂದು ತಪ್ಪು ಹೋಗಿ ಮೊಮ್ಮಗಳ ಮೋಟರ್‌ಸೈಕಲ್ಲಿನ ಹೊಟ್ಟೆಯಲ್ಲಿ ಕೂತಿತು.

ಮೊಮ್ಮಗಳ ಹೆಸರು ಪಲ್ಲವಿ. ಧಾರವಾಡದ ಆಚೆಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಯಾರಾದ ಸಾಮಾನುಗಳ ಅಳತೆ ಸರಿ ಇದೆಯೋ ಇಲ್ಲವೋ ನೋಡುವ ಕೆಲಸ. ನಮ್ಮ ಮನೆ ಕೇಶ್ವಾಪುರದಲ್ಲಿ. ಹುಬ್ಬಳ್ಳಿ ಬಿಟ್ಟು, ಧಾರವಾಡ ದಾಟಿ ಅಷ್ಟು ದೂರ ಆಕೆ ದಿನಾ ಹೋಗಿ ಬರುವುದು ತನ್ನ ಮೋಟರ್‌ಸೈಕಲ್ ಮೇಲೆ. ಕಾರ್ಖಾನೆಯ ಬಸ್ಸೂ ಇದೆ. ಆದರೆ ಪಾಳಿ ಮುಗಿಸಿ ಧಾರವಾಡದಲ್ಲಿ ಆಕೆ ಸಂಜೆ ಕ್ಲಾಸಿಗೆ ಕೂಡುತ್ತಾಳೆ, ಇನ್ನೊಂದು ಮೇಲಿನ ಪರೀಕ್ಷೆ ಕಟ್ಟಿದ್ದಾಳೆ. ಬಸ್ಸು ಆಕೆಯ ಕ್ಲಾಸ್ ಮುಗಿಯುವವರೆಗೆ ಕಾಯುವುದಿಲ್ಲ. ಗಾಡಿ ಹೋದರೆ ಕ್ಲಾಸೂ ಹೋಯಿತು, ಪರೀಕ್ಷೆಯೂ ಹೋಯಿತು. ನನ್ನ ಮಗ ಈರಣ್ಣನಿಗೆ ಮಾತ್ರ ಆ ಗಾಡಿಯನ್ನು ಕಂಡರೆ ಮೊದಲಿನಿಂದ ಆಗುವುದಿಲ್ಲ. ಅವನದು ಕಾಳುಕಡಿ ವ್ಯಾಪಾರ. ಜೋಳದ ಚೀಲ ಹೊತ್ತ ಲಾರಿ ಎಷ್ಟು ವೇಗದಲ್ಲಿ ಹೋಗುತ್ತದೋ ಜಗತ್ತೆಲ್ಲ ಅಷ್ಟೇ ವೇಗದಲ್ಲಿ ಹೋಗಬೇಕು ಅನ್ನುವವನು.

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಈಚೆಗೆ ನಡುದಾರಿಯಲ್ಲಿ ಕೆಂಪು ದೀಪ ಹತ್ತಿಸಿ, ಕಾದ ಹಂಚಿನಂತಾಗಿ ನಿಲ್ಲಲು ಶುರುಮಾಡಿತು. ಒಮ್ಮೆ ನಿಂತಿತು, ಎರಡು ಸಲ ನಿಂತಿತು. "ಸಾವಕಾಶ ಓಡ್ಸಂದ್ರ ಕೇಳಂಗಿಲ್ಲ. ಇಂಜಿನ್ ಕಾಯದ ಏನ್ ಮಾಡ್ತೈತಿ? ಇನ್ನೊಮ್ಮೆ ನಿಂತ್ರ ಮಾರೂದ!" ಎಂದು ಈರಣ್ಣ ಗುಡುಗಿದ. ಶನಿವಾರ ಮೂರನೆಯ ಸಲ ನಿಂತಿತು. ಅವನು ಅಂದೇ ಗಿರಾಕಿ ಹುಡುಕಿಬಿಟ್ಟ. ಸೋಮವಾರ ಬಂದು ಒಯ್ಯುವುದೆಂದು ಮಾತಾಯಿತು.

ಈಗ ನನ್ನ ಕಥೆ ಹೇಳುತ್ತೇನೆ. ನಮ್ಮಲ್ಲಿ ನಳ ಬರುವುದು ವಾರಕ್ಕೊಮ್ಮೆ. ಬಂದ ದಿನ ಟಾಕಿ, ಬ್ಯಾರಲ್, ಹಂಡೆ, ಕೊಡ, ಕಡೆಗೆ ಚರಿಗೆ ಕೂಡ ತುಂಬಿಸಿಡುತ್ತೇವೆ. ಕೂಡಿಟ್ಟ ನೀರು ಬಿಸಿಲಿಗೆ ಹಸಿರಾಗುತ್ತದೆ. ಹಸಿರಾದದ್ದನ್ನು ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ತುಂಬುವುದು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳಾದರೂ ಪಾಚಿ ಯಾವುದು ಎಂದು ಯಾರೂ ನನಗೆ ಕಲಿಸಬೇಕಿಲ್ಲ. ಕೆಲವು ತಿಂಗಳ ಹಿಂದೆ ಗಾಡಿ ಒರೆಸುವಾಗ ಸೀಟಿನ ಕೆಳಗೊಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಕಂಡಿತು. ಒಳಗೆ ನೀರು. ಹಚ್ಚ ಹಸಿರು! ಈಗಿನ ಹುಡುಗಿಯರು ಗಾಡಿಯ ಮೈ ತೊಳೆಯುತ್ತಾರೆಯೇ ಹೊರತು ಅದರ ಹೊಟ್ಟೆಯಲ್ಲಿ ಎಷ್ಟು ದಿನದ ನೀರಿದೆ ನೋಡುವುದಿಲ್ಲ ಎಂದುಕೊಂಡೆ. ಅಟ್ಟದ ಮೇಲೆ ಪಲ್ಲವಿಯ ರಂಗಪಂಚಮಿಯ ಪಿಚಕಾರಿ ಇತ್ತು. ಅದರಿಂದ ಹಸಿರು ನೀರನ್ನೆಲ್ಲ ಎಳೆದು ಗಟಾರಕ್ಕೆ ಬಿಟ್ಟೆ. ಬೋರಿನ ತಿಳಿನೀರು ತುಂಬಿದೆ. ವಾರಕ್ಕೊಮ್ಮೆ ಬರುವ ಸಿಹಿನೀರನ್ನು ಗಾಡಿಗೆ ಕುಡಿಸುವಷ್ಟು ದಡ್ಡಿ ನಾನಲ್ಲ. ಮುಂದಿನ ವಾರ ನೋಡಿದರೆ ಮತ್ತೆ ತುಸು ಹಸಿರು. ಇಂಜಿನ್ನಿನೊಳಗಿನ ನೀರು ಆ ಡಬ್ಬಿಗೆ ಬಂದು ಹೋಗಿ ಮಾಡುತ್ತದೆಂದು ನನಗೇನು ಗೊತ್ತು! ಮತ್ತೆ ತೆಗೆದೆ. ಅಲ್ಲಿಂದ ಮುಂದೆ ನಳ ಬಂದ ದಿನ ಬ್ಯಾರಲ್ ತೊಳೆದ ಮೇಲೆ ಗಾಡಿಯ ಪಾಳಿ. ಸರ್ವಿಸಿಂಗಿನವರು ಒಮ್ಮೆ ಮತ್ತೆ ಹಸಿರು ತುಂಬಿ ಕಳಿಸಿದರು. ಅವರ ಟಾಕಿಯನ್ನು ಯಾರು ತೊಳೆಯುತ್ತಾರೋ ಏನೋ ಎಂದು ಬೈದುಕೊಂಡು ಅದನ್ನೂ ತೆಗೆದೆ. ಮಾಡಿದ ಉಪಕಾರವನ್ನು ಹೇಳಿಕೊಂಡು ತಿರುಗುವ ಚಾಳಿ ನನಗಿಲ್ಲ. ಹೀಗಾಗಿ ಯಾರಿಗೂ ಗೊತ್ತಾಗಲಿಲ್ಲ.

ರವಿವಾರ ಬೆಳಿಗ್ಗೆ ಪಲ್ಲವಿ ನಮ್ಮ ಓಣಿಯ ಮೆಕ್ಯಾನಿಕ್ ದಾದಾಪೀರನನ್ನು ಕರೆತಂದಳು. ಗಿರಾಕಿ ಬರುವುದರೊಳಗೆ ರೋಗ ಸಿಕ್ಕು ವಾಸಿಯಾದರೆ ಅಪ್ಪನ ಮನಸ್ಸು ತಿರುಗೀತು ಎಂಬ ಆಸೆ. ದಾದಾಪೀರ ಗಾಡಿ ಚಾಲೂ ಮಾಡಿ ಅರ್ಧ ತಾಸು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೆಂಪು ದೀಪ ಹತ್ತಿತು. "ಫ್ಯಾನಿಗೆ ಏನೂ ಆಗಿಲ್ಲ. ಪಂಪೂ ಛಲೋ ಐತಿ. ಎಲ್ಲೂ ಸೋರಿಲ್ಲ. ಏನಾಗೇತಿ ತಿಳೀವಲ್ದು" ಎಂದ. ನನಗೆ ಸುಮ್ಮನೆ ಕೂಡಲಾಗಲಿಲ್ಲ. ಜ್ವರ ಬಂದ ಕೂಸನ್ನು ನೋಡುವ ಹಾಗೆ ಇಂಜಿನ್ ಹತ್ತಿರ ಅಂಗೈ ಹಿಡಿದೆ. ಬೆಂಕಿ. ಮುಂದಿನ ಜಾಳಿಗೆಯಂಥ ರೇಡಿಯೇಟರ್ ಮುಟ್ಟಿದೆ. ತಣ್ಣಗಿತ್ತು.

"ದಾದಾಪೀರಾ, ಇದರ ಹೊಟ್ಟಿ ಸುಡಾಕತ್ತೈತಿ, ಎದಿ ಐಸ್ ಆಗೇತಿ. ಇದೆಂಥಾ ಜ್ವರಾನೋ?"

ಅವನೂ ಮುಟ್ಟಿ ನೋಡಿ ಹಣೆ ಹಣೆ ಬಡಿದುಕೊಂಡ. "ಏ ಆಯಿ! ನಾ ಹುಡುಕಿ ಹುಡುಕಿ ಸಾಯಾಕತ್ತೀನಿ, ನೀವು ಒಂದ ಕೈಲೆ ಹಿಡದ್ರಲ್ರೀ! ಬಿಸಿನೀರು ರೇಡಿಯೇಟರಿಗೆ ಹೋಗವಲ್ದು. ಥರ್ಮೋಸ್ಟಾಟ್ ಹೋಗೇತಿ."

"ಅದೇನದು?"

"ಒಂದು ಸಣ್ಣ ಬಾಗಲಾ ಇದ್ದಂಗ್ರಿ. ಇಂಜಿನ್ ಕಾದಾಗ ತಾನ ತೆರೀತೈತಿ, ಒಳಗಿನ ಬಿಸಿನೀರು ರೇಡಿಯೇಟರಿಗೆ ಹೋಗಿ ಆರಿ ಬರ್ತೈತಿ. ಇಂಜಿನ್ ತಣ್ಣಗಿದ್ದಾಗ ಬಾಯಿ ಮುಚ್ಕೊಂಡು ಕುಂದರ್ತೈತಿ."

"ಹಂಗಾರ ನಮ್ಮ ಈರಣ್ಣನಂಗ ಅನ್ನು. ಕಾದಾಗ ಅಷ್ಟ ಬಾಯಿ ತೆರೀತಾನ" ಎಂದೆ. ಎಲ್ಲರೂ ನಕ್ಕರು, ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಈರಣ್ಣನೊಬ್ಬನನ್ನು ಬಿಟ್ಟು. ರೋಗ ಹಿಡಿದುಕೊಟ್ಟವಳು ನಾನೆಂದು ಪಲ್ಲವಿ ನನ್ನ ಕೆನ್ನೆ ಹಿಂಡಿದಳು. ಆ ಹೊತ್ತಿನಲ್ಲಿ ನನಗೆ ಬಂದ ಜಂಬ ಕಾಲು ತಾಸು ಬಾಳಿತು.

ಇಂಜಿನ್ ಪೂರಾ ಆರಿದ ಮೇಲೆ ದಾದಾಪೀರ ಒಳಗಿನ ನೀರನ್ನು ಬಕೆಟ್ಟಿಗೆ ಬಿಟ್ಟ. ತಿಳಿನೀರು. ಅವನು ಹುಬ್ಬು ಗಂಟಿಕ್ಕಿದ. "ಇದು ಹಸರ ಇರಬೇಕಿತ್ತಲ್ರೀ! ಕೂಲಂಟ್ ಎಲ್ಲಿ ಹೋತು? ಅದು ಗಾಡಿಗೆ ಔಷಧ ಇದ್ದಂಗ್ರಿ."

"ಹಸರ ಹಾಕಿದ್ದು ನಾನ ನೋಡೇನಿ" ಎಂದಳು ಪಲ್ಲವಿ. "ಈಕಿ ಓಡ್ಸೂ ಜೋರಿಗೆ ಆವಿಯಾಗಿ ಹೋಗಿರ್ತೈತಿ" ಎಂದ ಈರಣ್ಣ. ನಾನು ಕಂಪೌಂಡಿನ ಮೇಲೆ ಕೂತ ಕಾಗೆಯನ್ನು ಬಹಳ ಹೊತ್ತು ನೋಡಿದೆ.

ದಾದಾಪೀರ ಬಿಚ್ಚಿ ತೆಗೆದ ಥರ್ಮೋಸ್ಟಾಟ್ ಎಂಬುದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಹಿತ್ತಾಳೆಯ ಸಾಮಾನು, ನಡುವೆ ಒಂದು ಸ್ಪ್ರಿಂಗು. "ತೆಗೆದು ಒಗದು ಹಂಗ ಓಡಸಾಕ ಬರಂಗಿಲ್ಲೇನು?" ಎಂದು ಈರಣ್ಣ ಕೇಳಿದ. "ಆಗ ಇಂಜಿನ್ ಕಾಯೂದ ಇಲ್ರೀ ಕಾಕಾ, ಪೆಟ್ರೋಲ್ ಕುಡೀತೈತಿ" ಎಂದ ದಾದಾಪೀರ. "ಹೊಸಾದು ತರ್ತೀನಿ. ಅಲ್ಲೀತನಾ ಇದನ್ನ ನೀರಾಗ ಹಾಕಿ ಕುದಸ್ರಿ. ಬಾಯಿ ತೆರದ್ರ ಜೀವ ಐತಿ, ತೆರೀಲಿಲ್ಲಂದ್ರ ಹೋಗೇತಿ" ಎಂದು ಹೇಳಿ ಹೋದ.

ಪಲ್ಲವಿ ನೇರ ನನ್ನ ಚಹಾದ ಪಾತ್ರೆಗೆ ಕೈ ಹಾಕಿದಳು. "ಅದರಾಗ ಹಾಕಿದಿ ಅಂದ್ರ ನಿನ್ನೂ ಅದರಾಗ ಕುದಸ್ತೀನಿ ನೋಡು" ಎಂದು, ಓಣಿಯ ನಾಯಿಗೆ ಹಾಲು ಹಾಕುವ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ ಕೊಟ್ಟೆ. ದಾರ ಕಟ್ಟಿ ಥರ್ಮೋಸ್ಟಾಟನ್ನು ನೀರಲ್ಲಿ ಇಳಿಬಿಟ್ಟೆವು. ನೀರು ಕಾಯಿತು, ಗುಳುಗುಳು ಎಂದಿತು, ಕೊತಕೊತ ಕುದಿಯಿತು. ಬಾಗಿಲು ತೆರೆಯಲಿಲ್ಲ. ಅದರ ಮೈತುಂಬ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. "ಏನಿದು ಆಯಿ?" ಎಂದು ಪಲ್ಲವಿ ಕೇಳಿದಳು. ಏನೆಂದು ನನಗೆ ಗೊತ್ತಿಲ್ಲದೆ ಮತ್ತಾರಿಗೆ ಗೊತ್ತು? ಬೋರಿನ ನೀರು ಕಾಯಿಸುವ ನಮ್ಮ ಬಚ್ಚಲದ ಹಂಡೆಗೆ ಕಟ್ಟುವ ಸುಣ್ಣ ಅದು. ಅದನ್ನು ಕೆರೆದು ಕೆರೆದು ನನ್ನ ಉಗುರು ಸವೆದಿವೆ. "ತುಕ್ಕು ಇರಬೇಕು" ಎಂದೆ. "ತುಕ್ಕು ಬೆಳ್ಳಗಿರ್ತೈತೇನು?" ಎಂದಳು. "ಹೊಸಾ ನಮೂನಿ ಗಾಡಿ, ಹೊಸಾ ನಮೂನಿ ತುಕ್ಕು" ಎಂದೆ.

ಅಷ್ಟರಲ್ಲಿ ಆಕೆಗೆ ಫೋನ್ ಬಂತು, ಹೊರಗೆ ಹೋದಳು. ನಾನು ಡಬ್ಬಿಯಿಂದ ಒಂದು ಮುಷ್ಟಿ ಹುಣಸೆಹಣ್ಣು ತೆಗೆದು ಪಾತ್ರೆಗೆ ಹಾಕಿದೆ. ಹಂಡೆಯ ಸುಣ್ಣ ಬಿಡುವುದು ಅದಕ್ಕೇ. ಬಿಟ್ಟರೆ ಬಾಗಿಲೂ ತೆರೆದೀತು, ಸಾಕ್ಷಿಯೂ ಹೋದೀತು. ಸುಣ್ಣವೇನೋ ಬಿಟ್ಟಿತು. ಥರ್ಮೋಸ್ಟಾಟ್ ದೇವರ ಮನೆಯ ಗಂಟೆಯಂತೆ ಥಳಥಳಿಸಿತು. ಆದರೆ ಎಷ್ಟು ಕುದಿಸಿದರೂ ಬಾಯಿ ಬಿಡಲಿಲ್ಲ, ಥೇಟು ನನ್ನ ಹಾಗೆ.

ದಾದಾಪೀರ ಹೊಸದನ್ನು ತಂದ. ಅದನ್ನು ಬೇರೆ ನೀರಲ್ಲಿ ಹಾಕಿದೆವು. ನೀರು ಕುದಿಯುವ ಮೊದಲೇ ಅದು ಮೆಲ್ಲಗೆ ಬಾಯಿ ತೆರೆಯಿತು. ಪಲ್ಲವಿ ಚಪ್ಪಾಳೆ ತಟ್ಟಿದಳು. ಅವನು ಹಳೆಯದನ್ನು ಮೂಸಿ, "ಇದ್ಯಾಕ ಸಾರಿನ ವಾಸನಿ ಬರಾಕತ್ತೈತ್ರಿ?" ಎಂದು ಕೇಳಿದ. ನಾನು ಪಾತ್ರೆಯ ನೀರನ್ನು ಗಟಾರಕ್ಕೆ ಚೆಲ್ಲಿ ಬಂದೆ. ಒಳಗನ್ನೆಲ್ಲ ಔಷಧಿ ಹಾಕಿ ತೊಳೆದು, ಹೊಸ ಥರ್ಮೋಸ್ಟಾಟ್ ಕೂಡಿಸಿ, ಹಸಿರು ಕೂಲಂಟ್ ತುಂಬಿ, ಗಾಡಿ ಚಾಲೂ ಮಾಡಿದ. ಅರ್ಧ ತಾಸಾದರೂ ಕೆಂಪು ದೀಪ ಹತ್ತಲಿಲ್ಲ. ರೇಡಿಯೇಟರ್ ಬಿಸಿಯಾಯಿತು, ಫ್ಯಾನ್ ತಿರುಗಿ ಆರಿಸಿತು.

ಈರಣ್ಣ ಅಷ್ಟಕ್ಕೆಲ್ಲ ಬಗ್ಗುವವನಲ್ಲ. "ಇವತ್ತ ಛಲೋ ಆತು. ಇನ್ನೆರಡ ತಿಂಗಳಿಗೆ ಮತ್ತ ಹಂಗ ಆಗ್ತೈತಿ. ತಪ್ಪು ಗಾಡೀದಲ್ಲ, ಓಡಸಾಕೀದು. ನಾಳೆ ಗಿರಾಕಿ ಬರ್ತಾನ, ಕೊಟ್ಟು ಕೈ ತೊಳಕೊಳ್ಳೂಣು" ಎಂದ.

ಪಲ್ಲವಿ ಜಗಳಾಡಲಿಲ್ಲ. ಜಗಳಾಡಿದ್ದರೆ ನಾನು ಸುಮ್ಮನಿದ್ದು ಕೇಳುತ್ತಿದ್ದೆ. ಆಕೆ ಗಾಡಿಯ ಪಕ್ಕದ ಚೀಲ ಬಿಚ್ಚಿ ರೇನ್‌ಕೋಟು, ಬುತ್ತಿಡಬ್ಬಿ, ಕ್ಲಾಸಿನ ನೋಟ್‌ಬುಕ್ಕು ಒಂದೊಂದೇ ಹೊರಗೆ ಇಡತೊಡಗಿದಳು. ನನಗೆ ಸಿಟ್ಟು ಬಂತು. ನನ್ನ ತಪ್ಪನ್ನು ಇನ್ನೊಬ್ಬರು ಹೊರುವುದು ಈ ಮನೆಗೆ ಹೊಸದಲ್ಲ, ಆದರೆ ಹೊರುವವರು ಪೇಪರ್ ಓದುತ್ತ ಹೊರಬೇಕು, ಹೀಗೆ ಚೀಲ ಖಾಲಿ ಮಾಡುತ್ತ ಅಲ್ಲ.

"ಈರಣ್ಣಾ, ಆ ಹಸರ ನೀರು ನಾ ತಗದೇನಿ" ಎಂದೆ.

"ಏನಂದಿ ಅವ್ವಾ?"

"ಪಾಚಿ ಅಂತ ತಿಳದು ತಗದು ಚೆಲ್ಲಿ ಬೋರಿನ ನೀರು ಹಾಕೇನಿ. ಒಮ್ಮೆ ಅಲ್ಲ, ನಳಾ ಬಂದಾಗೆಲ್ಲಾ. ಸುಣ್ಣಾ ಕಟ್ಟಿ ಬಾಗಲಾ ಹಿಡದೈತಿ. ಈಕಿ ಓಡ್ಸೂದಕ್ಕೂ ಅದಕ್ಕೂ ಸಂಬಂಧ ಇಲ್ಲ."

ದಾದಾಪೀರನ ಕೈಯಿಂದ ನಟ್ಟು ಬಿಚ್ಚುವ ಪಾನಾ ಬಿತ್ತು. "ಯಾತರಲೆ ತಗದಿ ಆಯಿ?" ಎಂದು ಪಲ್ಲವಿ ಕೇಳಿದಳು.

"ನಿನ್ನ ಪಿಚಕಾರಿಲೆ."

ದಾದಾಪೀರ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಗಲು ಕುಣಿಯುತ್ತಿದ್ದವು. ಈರಣ್ಣ ಮಾತ್ರ ನಗಲಿಲ್ಲ. "ಹಂಗಾದ್ರ ಇಷ್ಟ ದಿವಸ ನಾ ಈಕಿಗೆ ಬೈದಿದ್ದು?" ಎಂದ.

"ಅದು ನಿನ್ನ ತಪ್ಪು. ನಂದು ನಾ ಹೇಳೇನಿ, ನಿಂದು ನೀ ನೋಡ್ಕೋ."

ಅವನು ಗಾಡಿಯನ್ನೂ ನನ್ನನ್ನೂ ನೋಡಿ ಗಿರಾಕಿಗೆ ಫೋನ್ ಹಚ್ಚಿದ. "ಇಲ್ರೀ, ಗಾಡಿ ಕೊಡಂಗಿಲ್ರೀ... ಏ, ಗಾಡಿ ಛಲೋ ಐತ್ರಿ... ಕೆಡಸಾಕಿ ಸಿಕ್ಕಾಳ್ರಿ." ಪಲ್ಲವಿ ನೋಟ್‌ಬುಕ್ಕನ್ನು ಮತ್ತೆ ಚೀಲಕ್ಕೆ ತುರುಕಿದಳು. ಆಮೇಲೆ ನನ್ನ ಹತ್ತಿರ ಬಂದು, ಪಿಚಕಾರಿ ಎಲ್ಲಿದೆ ಎಂದು ಕೇಳಿ ಇಸಿದುಕೊಂಡು ತನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೆ ಹೇಳುವವರು ಒಪ್ಪಿಕೊಂಡವರಲ್ಲ. ಈಗ ನಮ್ಮ ಮನೆಯಲ್ಲಿ ಏನು ಕೆಟ್ಟರೂ ಎಲ್ಲರೂ ಮೊದಲು ತಿರುಗುವುದು ನನ್ನ ಕಡೆ. ಮಿಕ್ಸರ್ ನಿಂತರೆ ನಾನು, ಟೀವಿ ಮೂಕಾದರೆ ನಾನು. ಮೊನ್ನೆ ಕರೆಂಟ್ ಹೋಯಿತು, ಇನ್ವರ್ಟರ್ ಏಳಲಿಲ್ಲ. ಈರಣ್ಣ ಬಂದು, "ಅವ್ವಾ, ಖರೇ ಹೇಳು. ಇದರ ಬ್ಯಾಟರಿಗೆ ನೀ ಬೋರಿನ ನೀರು ಹಾಕಿಯೇನು?" ಎಂದು ಕೇಳಿದ. "ಇಲ್ಲ" ಎಂದೆ. ಖರೇ ಹೇಳಿದೆ, ಒಂದು ಹನಿ ನೀರು ಹಾಕಿರಲಿಲ್ಲ. ಧೂಳಾಗಿತ್ತು, ಒಣ ಅರಿವೆಯಿಂದ ಒರೆಸಿದ್ದೆ, ಅಷ್ಟೆ. ಒರೆಸಲು ಅಡ್ಡ ಬಂತೆಂದು ಒಂದು ವೈರು ಬಿಚ್ಚಿ ಪಕ್ಕಕ್ಕಿಟ್ಟಿದ್ದು ನಿಜ. ಆದರೆ ವೈರಿನ ವಿಷಯ ಅವನು ಕೇಳಲೇ ಇಲ್ಲ.