ಮುಳ್ಳಪ್ಪ ಊದದ ಸೀಟಿ

ಮದುವೆಯಾದಾಗಿನಿಂದ ಮುಳ್ಳಪ್ಪ ತನ್ನ ಹೆಂಡತಿಗೆ ‘ನೀನು ಮಾಡಿದ್ದು ತಪ್ಪು’ ಎಂದು ಒಮ್ಮೆಯೂ ಹೇಳಿದವನಲ್ಲ. ಅವಳು ತಪ್ಪೇ ಮಾಡಿರಲಿಲ್ಲ ಎಂದಲ್ಲ. ಹೇಳುವ ಧೈರ್ಯ ಇವನಲ್ಲಿ ಹುಟ್ಟಿರಲಿಲ್ಲ. ಅಂಥವನ ಕೊರಳಿಗೆ ಸೀಟಿ ಕಟ್ಟಿ, ಹೆಂಡತಿಯ ತಪ್ಪು ಹಿಡಿಯಲು ಜನರ ನಡುವೆ ನಿಲ್ಲಿಸಿದರೆ ಏನಾಗಬೇಕೋ ಅದೇ ಆಯಿತು.

ಮುಳ್ಳಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗಡಿಯಾರ ರಿಪೇರಿಯ ಅಂಗಡಿಯಲ್ಲಿ ದಿನವಿಡೀ ಮುಳ್ಳುಗಳ ನಡುವೆ ಕೂತಿರುತ್ತಾನೆಂದು ಬೀದಿಯವರು ಕೊಟ್ಟ ಬಿರುದು. (ಹೆಸರಿನಲ್ಲಿ ಮುಳ್ಳಿದ್ದರೂ ಈತ ಯಾರಿಗೂ ಚುಚ್ಚಿದವನಲ್ಲ.) ಹೆಂಡತಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಡಾಕ್ಟರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ಅವಳನ್ನು ‘ದೊಡ್ಡ ಸಿಸ್ಟರ್’ ಎನ್ನುತ್ತಿದ್ದರು. ಹಾಗೆ ಕರೆಯುವ ಹಕ್ಕಿಲ್ಲದವನು ಊರಿಗೆಲ್ಲ ಇವನೊಬ್ಬನೇ.

ಆಸ್ಪತ್ರೆಯ ಹೆಂಗಸರಿಗೂ ಪೋಸ್ಟಾಫೀಸಿನ ಹೆಂಗಸರಿಗೂ ಬಾಸ್ಕೆಟ್‌ಬಾಲ್ ಪಂದ್ಯ ನಿಗದಿಯಾಗಿತ್ತು. ಒಪ್ಪಿಕೊಂಡಿದ್ದ ರೆಫರಿ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡು ಅದೇ ಆಸ್ಪತ್ರೆಯಲ್ಲಿ ಮಲಗಿದ. ಬೇರೆ ಯಾರೂ ಸಿಗಲಿಲ್ಲ. ಇದು ಸೆಕೆಂಡುಗಳ ಆಟ, ನಿಮ್ಮ ಮನೆಯವರೇ ಆಗಬಹುದಲ್ಲ ಸಿಸ್ಟರ್ ಎಂದರಂತೆ ದೊಡ್ಡ ಡಾಕ್ಟರು. ಎದುರು ಪಕ್ಷದ ಮುಖಂಡೆ ಪೋಸ್ಟ್‌ಮಾಸ್ಟರ್ ಮೇಡಂ ತಕರಾರು ತೆಗೆದು ತನ್ನನ್ನು ಉಳಿಸುತ್ತಾರೆಂದು ಮುಳ್ಳಪ್ಪ ನಂಬಿದ್ದ. ಆಕೆಯೋ ನಕ್ಕು, ಆಯಮ್ಮನ ಮೇಲೆ ಸೀಟಿ ಊದುವುದಕ್ಕೆ ಅವರ ಗಂಡನಿಗಿಂತ ಹೆಚ್ಚಿನ ಕಾರಣ ಇನ್ಯಾರಿಗಿದೆ ಎಂದು ಒಪ್ಪಿಯೇಬಿಟ್ಟರು.

ಪಾಠ ಮನೆಯ ಹಾಲಿನಲ್ಲೇ ಶುರುವಾಯಿತು. ಸೋಫಾ ಗೋಡೆಗೆ ಸರಿಯಿತು. ಹೆಂಡತಿ ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡಾಡಿದಳು. ಒಂದೊಂದು ಬಡಿತಕ್ಕೂ ಷೋಕೇಸಿನ ಗಾಜು, ಮುಳ್ಳಪ್ಪನ ಎದೆ ಎರಡೂ ಅದುರಿದವು.

“ಹೀಗೆ ಒಂದೇ ಕೈಯಲ್ಲಿ ಪುಟಿಸ್ತಾ ಹೋಗೋದು ಡ್ರಿಬಲ್. ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದ್ಮೇಲೆ ಮತ್ತೆ ಪುಟಿಸೋ ಹಾಗಿಲ್ಲ. ಪುಟಿಸಿದ್ರೆ?”

“ಪರವಾಗಿಲ್ಲ ಬಿಡು,” ಎಂದ ಮುಳ್ಳಪ್ಪ, ಅಭ್ಯಾಸಬಲದಿಂದ.

“ಪರವಾಗಿಲ್ಲ ಅಲ್ಲ ರೀ, ಡಬಲ್ ಡ್ರಿಬಲ್. ಸೀಟಿ ಊದಿ ಚೆಂಡನ್ನ ಆ ಕಡೆಯವರಿಗೆ ಕೊಡಬೇಕು.”

ಪುಟಿಸದೆ ಚೆಂಡು ಹಿಡಿದು ಎರಡು ಹೆಜ್ಜೆಗಿಂತ ಹೆಚ್ಚು ಇಟ್ಟರೆ ಟ್ರಾವಲಿಂಗ್. (ಟಿಕೆಟ್ಟಿಲ್ಲದ ಪ್ರಯಾಣವೆಂದು ಮುಳ್ಳಪ್ಪ ನೆನಪಿಟ್ಟುಕೊಂಡ.) ಎದುರಾಳಿಗಳ ಬುಟ್ಟಿಯ ಕೆಳಗೆ ಬಣ್ಣ ಬಳಿದ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಬೀಡುಬಿಡುವಂತಿಲ್ಲ. ಕಮಾನಿನಂಥ ಗೆರೆಯ ಆಚೆಯಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ, ಒಳಗಿನಿಂದಾದರೆ ಎರಡು, ಯಾರೂ ಅಡ್ಡ ಬರದೆ ಎಸೆಯುವ ಫ್ರೀ ಥ್ರೋಗೆ ಒಂದು. ತಳ್ಳಿದರೆ, ಕೈ ಎಳೆದರೆ ಫೌಲ್. ಐದು ಫೌಲಾದರೆ ಆಟಗಾರ್ತಿ ಹೊರಕ್ಕೆ. ಇಷ್ಟೂ ಹೇಗೋ ತಲೆಗೆ ಹೋಯಿತು. ಜೀವ ಬಾಯಿಗೆ ಬಂದದ್ದು ಫೌಲಿನ ಸನ್ನೆ ಏನೆಂದು ಕೇಳಿದಾಗ. ರೆಫರಿ ಸೀಟಿ ಊದಿ, ಮುಷ್ಟಿ ಬಿಗಿದು, ಕೈಯನ್ನು ನೆಟ್ಟಗೆ ಮೇಲೆತ್ತಬೇಕಂತೆ.

“ನಿನ್ನ ಎದುರಿಗಾ?”

“ತಪ್ಪು ಮಾಡಿದ್ರೆ ನನ್ನ ಎದುರಿಗೂ.”

ಮುಳ್ಳಪ್ಪ ಬಚ್ಚಲಿನ ಕನ್ನಡಿಯ ಮುಂದೆ ಅಭ್ಯಾಸಕ್ಕೆ ನಿಂತ. ಮುಷ್ಟಿ ಮೇಲೇರಿದ್ದಾಗಲೇ ಹೆಂಡತಿ ಟವೆಲ್ಲು ಬೇಕೆಂದು ಬಾಗಿಲು ತೆಗೆದಳು. ಎತ್ತಿದ ಕೈ ತಾನಾಗಿಯೇ ತಲೆ ಬಾಚತೊಡಗಿತು. (ಬಾಚಲು ಅಲ್ಲಿ ಕೂದಲಿರಲಿಲ್ಲ, ಅದು ಬೇರೆ ಮಾತು.)

ಪಂದ್ಯದ ದಿನ ಉಳುಕುಗಾಲಿನ ರೆಫರಿಯ ಬೂದು ಶರ್ಟನ್ನು ಆಸ್ಪತ್ರೆಯ ಸ್ಟೋರ್‌ರೂಮಿನ ಮಬ್ಬಿನಲ್ಲಿ ಅವಸರವಾಗಿ ತೊಟ್ಟುಕೊಂಡು ಹೊರಬಂದ. ಅಂಕಣಕ್ಕೆ ಕಾಲಿಟ್ಟನೋ ಇಲ್ಲವೋ, ಜನ ಕಿಸಕ್ಕೆಂದರು. ಇನ್ನೂ ಒಂದು ತೀರ್ಪೂ ಕೊಟ್ಟಿಲ್ಲ, ಆಗಲೇ ಹೀಗಾದರೆ ಮುಂದಿನ ಗತಿಯೇನು ಎಂದುಕೊಂಡ. ನಡುವೃತ್ತದಲ್ಲಿ ಇಬ್ಬರು ಆಟಗಾರ್ತಿಯರ ಮಧ್ಯೆ ಚೆಂಡನ್ನು ನೆಟ್ಟಗೆ ಮೇಲೆಸೆದು ಆಟ ಶುರುಮಾಡಬೇಕಿತ್ತು. ಅವನು ಎಸೆದದ್ದು ದೊಡ್ಡ ಡಾಕ್ಟರ ಮಡಿಲಿಗೆ ಹೋಗಿ ಬಿತ್ತು.

ಮೊದಲರ್ಧದಲ್ಲಿ ಪೋಸ್ಟಾಫೀಸಿನವರು ಚೆಂಡು ಮುಟ್ಟಿದರೆ ಸೀಟಿ, ಬಿಟ್ಟರೆ ಸೀಟಿ. ಒಬ್ಬಾಕೆ ಸೀನಿದ್ದಕ್ಕೂ ಊದಿದ. ಆದರೆ ವಿರಾಮಕ್ಕೆ ತುಸು ಮುಂಚೆ ದೊಡ್ಡ ಸಿಸ್ಟರ್ ಎದುರಾಳಿಯೊಬ್ಬಳನ್ನು ಭುಜದಿಂದ ತಳ್ಳಿದ ಸದ್ದು ಗೇಟಿನವರೆಗೂ ಕೇಳಿಸಿತು. ಎಲ್ಲರೂ ಇವನ ಕಡೆ ತಿರುಗಿದರು. ಮುಳ್ಳಪ್ಪ ಕಣ್ಣು ಮುಚ್ಚಿ ಊದಿದ. ಮುಷ್ಟಿ ಮಾತ್ರ ಕಿವಿಯ ಮಟ್ಟದಲ್ಲೇ ನಿಂತಿತು.

ವಿರಾಮದಲ್ಲಿ ಹೆಂಡತಿ ಪಕ್ಕದಲ್ಲಿ ಹಾದುಹೋಗುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತುಟಿ ಬಿಗಿದಿತ್ತು. “ಮನೆಗೆ ಬನ್ನಿ, ಹೇಳ್ತೀನಿ. ಇಲ್ಲಿ ಜನರ ಮುಂದೆ ಬೇಡ,” ಎಂದಷ್ಟೇ ಹೇಳಿ ನೀರು ಕುಡಿಯಲು ಹೋದಳು.

ಆ ಒಂದು ಫೌಲಿನ ಫಲವಿದು ಎಂದುಕೊಂಡ ಮುಳ್ಳಪ್ಪ. ಉಳಿದರ್ಧದಲ್ಲಿ ಹೆಂಡತಿ ಆಟದ ಬಿರುಸಿನಲ್ಲಿ ಮೈಮರೆತು ಆ ಮೂರು ಸೆಕೆಂಡಿನ ಜಾಗದಲ್ಲಿ ಸಂಸಾರವನ್ನೇ ಹೂಡಿದಳು. ಜೀವಮಾನವೆಲ್ಲ ಸೆಕೆಂಡುಗಳನ್ನು ನಂಬಿ ಅನ್ನ ತಿಂದವನು ಒಂದನ್ನೂ ಎಣಿಸಲಿಲ್ಲ. ಪೋಸ್ಟ್‌ಮಾಸ್ಟರ್ ಮೇಡಂ ಬಂದು ಇದೇನು ಸ್ವಾಮಿ ಎಂದು ಕೇಳಿದ್ದಕ್ಕೆ, ಅಂಗಡಿಯ ಗಿರಾಕಿಗೆ ಹೇಳುವಂತೆ ನಾಳೆ ಬನ್ನಿ ನೋಡೋಣ ಎಂದುಬಿಟ್ಟ.

ಆದರೂ ಕೊನೆಗಳಿಗೆಯಲ್ಲಿ ಪೋಸ್ಟಾಫೀಸು ಒಂದು ಅಂಕ ಮುಂದಿತ್ತು. ಚೆಂಡು ದೊಡ್ಡ ಸಿಸ್ಟರ್ ಕೈಗೆ ಬಂತು. ಅವಳು ಅದನ್ನು ಎದೆಗವಚಿಕೊಂಡು ನುಗ್ಗಿದಳು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಸೀಟಿ ಮುಳ್ಳಪ್ಪನ ಬಾಯಲ್ಲೇ ಇತ್ತು. ಉಸಿರು ಹೊಟ್ಟೆ ಬಿಟ್ಟು ಹೊರಡಲಿಲ್ಲ. ಚೆಂಡು ಬುಟ್ಟಿಯೊಳಗೆ ಬಿತ್ತು, ಸಮಯ ಮುಗಿಯಿತು, ನರ್ಸುಗಳೆಲ್ಲ ಕುಣಿದಾಡಿದರು.

ಕುಣಿಯದೆ ನಿಂತವಳು ಅವಳೊಬ್ಬಳೇ. ತನ್ನ ಕಾಲುಗಳನ್ನೊಮ್ಮೆ ನೋಡಿಕೊಂಡು ನೇರವಾಗಿ ಗಂಡನ ಬಳಿಗೆ ಬಂದಳು.

“ರೀ, ಚೆಂಡು ಹಿಡಿದ್ಮೇಲೆ ನಾನು ಎಷ್ಟು ಹೆಜ್ಜೆ ಇಟ್ಟೆ?”

“ಎರಡು.”

“ನನ್ನ ಮುಖ ನೋಡಿ ಹೇಳಿ.”

“ನಾಲ್ಕು,” ಎಂದ ಮುಳ್ಳಪ್ಪ, ನೆಲಕ್ಕೆ.

ಅವಳು ಅವನ ಕೊರಳಿನಿಂದ ಸೀಟಿ ತೆಗೆದು, ಟವೆಲ್ಲಿನಲ್ಲಿ ಒರೆಸಿ (ನರ್ಸಲ್ಲವೇ), ಕಿವಿ ಗುಂಯ್ಗುಡುವಂತೆ ಊದಿದಳು. ಎರಡೂ ಮುಷ್ಟಿಗಳನ್ನು ಒಂದರ ಸುತ್ತ ಒಂದರಂತೆ ತಿರುಗಿಸಿ, ಟ್ರಾವಲಿಂಗ್ ಎಂದು ತನ್ನ ಮೇಲೆ ತಾನೇ ತೀರ್ಪು ಕೊಟ್ಟಳು. ಬುಟ್ಟಿ ರದ್ದಾಯಿತು, ಪೋಸ್ಟಾಫೀಸು ಗೆದ್ದಿತು. ಪೋಸ್ಟ್‌ಮಾಸ್ಟರ್ ಮೇಡಂ ಓಡಿಬಂದು ಅಪ್ಪಿಕೊಂಡದ್ದು ಸೋತವಳನ್ನು; ದೊಡ್ಡ ಡಾಕ್ಟರು ಕೈ ಕುಲುಕಿದ್ದೂ ಅವಳದ್ದೇ. ರೆಫರಿ ಬುಟ್ಟಿಯ ಕಂಬದ ಹಿಂದೆ, ಕಂಬದಷ್ಟೇ ತೆಳ್ಳಗಾಗಲು ಪ್ರಯತ್ನಿಸುತ್ತ ನಿಂತಿದ್ದ.

ಮನೆಯ ಕಡೆ ಅವಳು ಮುಂದೆ, ಇವನು ಹಿಂದೆ ನಡೆದರು. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಮುಳ್ಳಪ್ಪ ತಡೆಯಲಾರದೆ ಬಾಯಿಬಿಟ್ಟ.

“ನಾನು ಆ ಫೌಲ್ ಕೊಟ್ಟಿದ್ದಕ್ಕೆ ನಿಂಗೆ ಅಷ್ಟು ಸಿಟ್ಟು ಬಂತಾ?”

“ಯಾವ ಸಿಟ್ಟು? ಅದು ಸರಿಯಾದ ಫೌಲೇ. ಇವರಿಗೆ ಕೊನೆಗೂ ಧೈರ್ಯ ಬಂತಲ್ಲ ಅಂತ ಖುಷಿಪಟ್ಟೆ.”

“ಮತ್ತೆ, ಮನೆಗೆ ಬನ್ನಿ ಅಂದಿದ್ದು?”

“ಶರ್ಟು ಉಲ್ಟಾ ಹಾಕ್ಕೊಂಡಿದ್ದೀರಿ. ಜನರ ಮುಂದೆ ಹೇಳಿದ್ರೆ ನಿಮಗೇ ಅವಮಾನ ಅಂತ ಸುಮ್ಮನಾದೆ.”

ಮುಳ್ಳಪ್ಪ ಬಗ್ಗಿ ನೋಡಿಕೊಂಡ. ಹೊಲಿಗೆಗಳೆಲ್ಲ ಬೀದಿಗೆ ಬಿದ್ದಿದ್ದವು. ಕತ್ತಿನ ಹಿಂದೆ ತಡವಿದರೆ ಬಟ್ಟೆ ಅಂಗಡಿಯ ಚೀಟಿ ಕೈಗೆ ಸಿಕ್ಕಿತು. ಎದೆಯ ಮೇಲಿನ ಬಂಡೆ ಉರುಳಿಹೋದಂತಾಗಿ ನಕ್ಕೇಬಿಟ್ಟ.

“ಅಷ್ಟೇನಾ? ನಾನು ಏನೇನೋ ಅಂದ್ಕೊಂಡು ಹೆದರಿಬಿಟ್ಟಿದ್ದೆ ಕಣೇ.”

ಅವಳು ನಗಲಿಲ್ಲ.

“ಆಗ ಅಷ್ಟೇ ಇತ್ತು. ಈಗ ನಾಲ್ಕು ಹೆಜ್ಜೆ ವಿಷಯ ಇದೆ. ಸ್ವಲ್ಪ ಬೇಗ ನಡೀರಿ, ಕೂತು ಮಾತಾಡೋಣ.”

ಮುಳ್ಳಪ್ಪ ತಲೆಯೆತ್ತಿದ. ಮನೆ ಎದುರಿಗೇ ಇತ್ತು.